ಮುಖರ್ಜಿ ನಗರದ ರ‍್ಯಾಮ್ ಸೀನಿಯರ್

ರ‍್ಯಾಮ್ ಸೀನಿಯರ್ ಎಂಬವನು ಉತ್ತರ ದೆಹಲಿಯ ಮುಖರ್ಜಿ ನಗರದಲ್ಲಿ, ಅದರ ಮಗ್ಗುಲಿನ ನೆಹರೂ ವಿಹಾರ, ಗಾಂಧಿ ವಿಹಾರಗಳ ಬಾಡಿಗೆ ಕೋಣೆಗಳಲ್ಲಿ ಕಂಡುಬರುವ ಕನ್ನಡಿಗ ಯುಪಿಎಸ್‌ಸಿ ಅಭ್ಯರ್ಥಿ. ವಯಸ್ಸು ಮೂವತ್ತರ ಆಸುಪಾಸು. ಅಟೆಂಪ್ಟ್‌ಗಳು ಮುಗಿಯುತ್ತ ಬಂದಿರುತ್ತವೆ. ಪಾಲಿಟಿ, ಎಕಾನಮಿ ಕೇಳಲು ಅವನ ಬಳಿ ಯಾರೂ ಬರುವುದಿಲ್ಲ. ಲ್ಯಾಪ್‌ಟಾಪ್‌ಗೆ ಯಾವ ರ‍್ಯಾಮ್ ಹಾಕಿಸಬೇಕೆಂದು ಕೇಳಲು ಮಾತ್ರ ಬಾತ್ರಾ ಟಾಕೀಸಿನ ಆಚೆಯಿಂದಲೂ ಬರುತ್ತಾರೆ.

ಐಎಎಸ್ ಓದುವವನಿಗೆ ಗೇಮಿಂಗ್ ಲ್ಯಾಪ್‌ಟಾಪ್ ಯಾಕೆ ಎಂಬ ಪ್ರಶ್ನೆ ಹಾವೇರಿ, ಗದಗದ ಅಪ್ಪಂದಿರಿಗೆ ಹೊಳೆಯುವಷ್ಟರಲ್ಲಿ ಖರೀದಿ ಮುಗಿದಿರುತ್ತದೆ. ಆನ್‌ಲೈನ್ ಕ್ಲಾಸಿಗೆ ಗಟ್ಟಿ ಮಷೀನು ಬೇಕು ಎಂಬುದು ಊರಿಗೆ ಕೊಟ್ಟ ಕಾರಣ. ಎರಡು ಪಟ್ಟು ವೇಗದಲ್ಲಿ ಓಡುವ ಪಾಠದ ವಿಡಿಯೊ, ಯಾವುದನ್ನೂ ಮುಚ್ಚಲು ಮನಸ್ಸಾಗದ ಕ್ರೋಮ್ ಟ್ಯಾಬ್‌ಗಳು, ರಾತ್ರಿ ಹನ್ನೊಂದರ ಮೇಲೆ ವ್ಯಾಲರಂಟ್. ಇಷ್ಟೆಲ್ಲ ಹೊತ್ತ ಮೇಲೆ 8 ಜಿಬಿಯ ಯಂತ್ರ ಏದುಸಿರು ಬಿಡುತ್ತದೆ. ಆಗ ಜೂನಿಯರ್ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತುತ್ತಾನೆ.

“ಅಣ್ಣಾ, ಎಷ್ಟ ಜಿಬಿ ಹಾಕಸ್ಲಿ?”

“ಎಷ್ಟು ಅನ್ನೂದು ಆಮ್ಯಾಲ ತಮ್ಮಾ. ಮೊದಲ ಯಾವುದು ಅನ್ನೂದು ನೋಡು.”

ಸೀನಿಯರ್ ಪ್ರಶ್ನೆಯನ್ನು ಬಿಡಿಸುವ ಕ್ರಮ ಪರೀಕ್ಷೆಯದೇ. ಪ್ರಿಲಿಮ್ಸ್‌ನ ಎರಡನೇ ಪತ್ರಿಕೆಯಾದ ಸಿಸ್ಯಾಟ್‌ನಲ್ಲಿ ಶೇ. 33 ಬಾರದಿದ್ದರೆ ಮೊದಲ ಪತ್ರಿಕೆಯಲ್ಲಿ ಎಷ್ಟು ಬಂದರೂ ಲೆಕ್ಕಕ್ಕಿಲ್ಲ. ರ‍್ಯಾಮ್‌ನ ಸಿಸ್ಯಾಟ್ ಎಂದರೆ ಅದರ ತಲೆಮಾರು. ಲ್ಯಾಪ್‌ಟಾಪಿನ ಡಿಡಿಆರ್4 ಪಟ್ಟಿಗೆ 260 ಪಿನ್ನು, 1.2 ವೋಲ್ಟು, ಡಿಡಿಆರ್5ಗೆ 262 ಪಿನ್ನು, 1.1 ವೋಲ್ಟು. ಅಂಚಿನ ಕಚ್ಚು ಕೂಡ ಒಂದೇ ಜಾಗದಲ್ಲಿಲ್ಲ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ, ಒತ್ತಿದರೆ ಮುರಿಯುವುದು ಸ್ಲಾಟು. ಡೆಸ್ಕ್‌ಟಾಪಿನ ಉದ್ದದ ಪಟ್ಟಿಯಂತೂ ಅರ್ಜಿ ಹಂತದಲ್ಲೇ ತಿರಸ್ಕೃತ. ಮಾಡೆಲ್ ಹೆಸರು, ಖರೀದಿಸಿದ ವರ್ಷ ನೋಡಿ ಊಹಿಸುವುದನ್ನು ಸೀನಿಯರ್ ಸಹಿಸುವುದಿಲ್ಲ. ಇಂಟೆಲ್‌ನ ಹನ್ನೆರಡನೇ ತಲೆಮಾರಿನ ಪ್ರೊಸೆಸರ್ ಎರಡೂ ಬಗೆಯ ರ‍್ಯಾಮ್‌ಗೆ ಒಗ್ಗುತ್ತದೆ. ಲ್ಯಾಪ್‌ಟಾಪಿನ ಬೋರ್ಡು ಮಾತ್ರ ಒಂದಕ್ಕೇ ಒಗ್ಗುವುದು. ಊಹೆಗೆ ನೆಗೆಟಿವ್ ಮಾರ್ಕ್ಸ್ ಮೂರನೇ ಒಂದಂಶ ಎಂದು ಅವನು ಇಲ್ಲಿ ನೆನಪಿಸುತ್ತಾನೆ. ಸಿಪಿಯು-ಝಡ್ ತೆರೆದು ನೋಡಿದರೆ ಊಹೆಯ ಮಾತೇ ಇಲ್ಲ.

ಎರಡನೆಯದು ವೇಗ. 3200ರ ಪಕ್ಕದಲ್ಲಿ 2666ರ ಪಟ್ಟಿ ಹಾಕಿದರೆ ಎರಡೂ 2666ರಲ್ಲೇ ಓಡುತ್ತವೆ. ಬೋರ್ಡಿನ ಮಿತಿ 4800 ಆದರೆ 5600ರ ಪಟ್ಟಿ ತಂದರೂ ಅದು 4800ಕ್ಕೇ ಇಳಿದು ಕೂರುತ್ತದೆ, ಹೆಚ್ಚು ಕೊಟ್ಟ ದುಡ್ಡು ಅಂಗಡಿಯವನಿಗೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿರುವ ಎಕ್ಸ್‌ಎಂಪಿ ವೇಗವನ್ನು ಬಹುತೇಕ ಲ್ಯಾಪ್‌ಟಾಪ್‌ಗಳ ಬಯೋಸ್ ಕಣ್ಣೆತ್ತಿಯೂ ನೋಡುವುದಿಲ್ಲ.

ಕಷ್ಟದ ಭಾಗ ಇದಲ್ಲ, ಊರಿಗೆ ಹಚ್ಚುವ ಫೋನು. 16 ಜಿಬಿಯ ಒಂದೇ ಪಟ್ಟಿಗಿಂತ 8ರ ಎರಡು ಪಟ್ಟಿ ಮೇಲು, ಡ್ಯುಯಲ್ ಚಾನೆಲ್‌ನಲ್ಲಿ ಪ್ರೊಸೆಸರ್‌ಗೆ ಎರಡು ದಾರಿಯಿಂದ ಡೇಟಾ ಸಿಗುತ್ತದೆ ಎಂದು ಜೂನಿಯರ್ ಒಪ್ಪಿಸುತ್ತಾನೆ. “ಒಂದ ದೊಡ್ಡದು ತಗೊಂಡ್ರ ಆಗೂದಿಲ್ಲೇನು?” ಎಂದು ಅಪ್ಪ ಕೇಳುತ್ತಾರೆ. ಫೋನು ಸೀನಿಯರ್ ಕೈಗೆ ಬರುತ್ತದೆ. “ಕಾಕಾ, ಒಂದ ಎತ್ತು ಎಷ್ಟ ದೊಡ್ಡದಿದ್ರೂ ಒಂಟಿ ಎತ್ತಿನಾಗ ಹೊಲ ಹರಗ್ತೀರೇನು? ಮತ್ತ ಚುರುಕ ಎತ್ತಿನ ಜೋಡಿ ಮುದಿ ಎತ್ತು ಕಟ್ಟಿದ್ರ ಬಂಡಿ ಯಾರ ಹೆಜ್ಜಿಗೆ ಹೋಗತೈತಿ?” ಮರುದಿನವೇ ದುಡ್ಡು ಬರುತ್ತದೆ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ಹಸಿವಿಗೆ ಮೆಮೊರಿಯ ಬೆಲೆ ವಿಪರೀತ ಏರಿದ್ದರಿಂದ ಈ ಫೋನು ಉದ್ದವಾಗುತ್ತಿದೆ. ಸೀನಿಯರ್ ಅದನ್ನೂ ಜಿಎಸ್ ಮೂರನೇ ಪತ್ರಿಕೆಯ ಉತ್ತರವಾಗಿ, ಪೀಠಿಕೆ, ಕಾರಣ, ಮುಂದಿನ ದಾರಿ ಸಹಿತ ವಿವರಿಸುತ್ತಾನೆ.

ಖರೀದಿ ನೆಹರೂ ಪ್ಲೇಸಿನಲ್ಲಿ. ಜಿಟಿಬಿ ನಗರದಲ್ಲಿ ಯೆಲ್ಲೋ ಲೈನ್ ಹತ್ತಿ, ಕಶ್ಮೀರಿ ಗೇಟಿನಲ್ಲಿ ವಯೊಲೆಟ್ ಲೈನಿಗೆ ಬದಲಾಯಿಸಬೇಕು. ದಾರಿಯುದ್ದಕ್ಕೂ ಸೀನಿಯರ್ ಪಾಠ ನಿಲ್ಲಿಸುವುದಿಲ್ಲ. ಅಂಗಡಿಯವನು “ಸಬ್ ಚಲ್ ಜಾಯೇಗಾ ಭಯ್ಯಾ” ಎನ್ನುವುದು, ಸೀನಿಯರ್ ಪಟ್ಟಿಯ ಲೇಬಲ್ಲನ್ನು ಮೂಗಿನ ಹತ್ತಿರ ಹಿಡಿದು ಚಿಪ್‌ಗಳ ವಿನ್ಯಾಸ 1ಆರ್‌ಎಕ್ಸ್8 ಇದೆಯೋ 1ಆರ್‌ಎಕ್ಸ್16 ಇದೆಯೋ ಎಂದು ಓದುವುದು, ಅಂಗಡಿಯವನು ಬೇರೆ ಗಿರಾಕಿಯ ಕಡೆ ತಿರುಗುವುದು ವಾಡಿಕೆ. ಜಿಎಸ್‌ಟಿ ಬಿಲ್ಲು ಕೈಗೆ ಬರುವ ತನಕ ಸೀನಿಯರ್ ಅಂಗಡಿ ಬಿಟ್ಟು ಕದಲುವುದಿಲ್ಲ. ಚಹಾ ಜೂನಿಯರ್‌ನದು.

ಇಷ್ಟು ಶ್ರದ್ಧೆ ರ‍್ಯಾಮ್‌ಗೆ ಯಾಕೆ ಎಂದು ಕೇಳುವವರು ಆ ಬೀದಿಗೆ ಹೊಸಬರು. ವರ್ಷಗಟ್ಟಲೆ ಪ್ರಿಲಿಮ್ಸ್‌ನ ಅಧಿಕೃತ ಕೀ ಉತ್ತರ ಹೊರಬೀಳುತ್ತಿದ್ದದ್ದು ಆ ಸಾಲಿನ ಅಂತಿಮ ಫಲಿತಾಂಶದ ನಂತರ. ಬರೆದದ್ದು ಸರಿಯೋ ತಪ್ಪೋ ತಿಳಿಯುವಷ್ಟರಲ್ಲಿ ಮುಂದಿನ ಅಟೆಂಪ್ಟ್ ಬಂದಿರುತ್ತಿತ್ತು. ರ‍್ಯಾಮ್ ಹಾಗಲ್ಲ. ಅದರ ಫಲಿತಾಂಶ ಅದೇ ಸಂಜೆ.

ಜೋಡಣೆಗೆ ಕೋಣೆಯ ಫ್ಯಾನು ಆರಿಸಲಾಗುತ್ತದೆ, ಕಾರಣ ಕೇಳುವಂತಿಲ್ಲ. ಸೀನಿಯರ್ ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಿತ್ತು, ತಳದ ಸ್ಕ್ರೂ ಬಿಚ್ಚಿ, ಬ್ಯಾಟರಿಯ ಕನೆಕ್ಟರ್ ತಪ್ಪಿಸುತ್ತಾನೆ. ಮೈಯ ಸ್ಥಿರ ವಿದ್ಯುತ್ತು ಇಳಿಯಲೆಂದು ಕಿಟಕಿಯ ಕಬ್ಬಿಣದ ಸರಳು ಮುಟ್ಟುತ್ತಾನೆ. ಪಟ್ಟಿಯನ್ನು ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿದಾಗ ಎರಡೂ ಬದಿಯ ಕೊಕ್ಕೆ ಟಕ್ಕೆನ್ನಬೇಕು. ಡಿಡಿಆರ್5 ಯಂತ್ರ ಮೊದಲ ಸಲ ಹೊಸ ಮೆಮೊರಿಯನ್ನು ಪಳಗಿಸಿಕೊಳ್ಳುವಾಗ ಪರದೆ ಕೆಲ ಹೊತ್ತು ಕಪ್ಪಾಗಿಯೇ ಇರುತ್ತದೆ. ಜೂನಿಯರ್‌ನ ಬೆರಳು ಪವರ್ ಬಟನ್ ಕಡೆ ಹೋದರೆ ಸೀನಿಯರ್ ಮಣಿಕಟ್ಟು ಹಿಡಿಯುತ್ತಾನೆ. ಪರದೆ ಬೆಳಗಿದ ಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಎರಡರಲ್ಲಿ ಎರಡೂ ಸ್ಲಾಟು ತುಂಬಿದ್ದನ್ನು ತೋರಿಸಿ, ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಲು ಹೇಳಿ ಏಳುತ್ತಾನೆ.

ಅದೇ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ರೋ ಆಫ್ ಚಿಪ್ಸ್’ ಎಂದು ಕಾಣುವ ಯಂತ್ರಗಳೂ ಬರುತ್ತವೆ. ಅವುಗಳ ರ‍್ಯಾಮ್ ಬೋರ್ಡಿಗೇ ಬೆಸೆದದ್ದು, ಬಿಚ್ಚಲು ಬರುವುದಿಲ್ಲ. ಅಂಥವರನ್ನು ಸೀನಿಯರ್ ಬೇಗ ಕಳಿಸುವುದಿಲ್ಲ. ಕೂರಿಸಿ, ಕ್ರೋಮ್ ಟ್ಯಾಬ್‌ಗಳನ್ನು ಒಂದೊಂದಾಗಿ ಮುಚ್ಚಿಸುತ್ತಾನೆ.