ಸೇಫ್ಟಿ ಭಾವ

ಕುವೈತಿನಲ್ಲಿ 22 ವರ್ಷ ದುಡಿದು ಮಾಣಿಗೆ ಬಂದು ಕೂತ ನನ್ನ ಭಾವನಿಗೆ ಹೊಗೆ ಕಂಡರಾಗದು. ಊರಿಗೆ ಅದು ಅರ್ಥವಾಗದು. ಇಲ್ಲಿ ಬೆಳಗಾಗುವುದೇ ಹೊಗೆಯಲ್ಲಿ. ಬಚ್ಚಲಿನ ಹಂಡೆಯಡಿಗೆ ಮಡಲು, ಕೊತ್ತಳಿಗೆ. ಹಟ್ಟಿಯಲ್ಲಿ ನುಸಿ ಓಡಿಸಲು ಅಡಿಕೆ ಸಿಪ್ಪೆ. ತೋಟದ ಮೂಲೆಯ ಗೂಡಿನಲ್ಲಿ ರಬ್ಬರ್ ಶೀಟು. ಯಾರದಾದರೂ ಮಾಡಿನಲ್ಲಿ ಹೊಗೆ ಕಾಣದಿದ್ದರೆ ‘ಹುಷಾರಿಲ್ಲವಾ?’ ಎಂದು ಕೇಳಿಕೊಂಡು ಹೋಗುವ ಊರು ಇದು.

ಮದುವೆ ಹಾಲ್‌ನಲ್ಲಿ ನಾವೆಲ್ಲ ಊಟದ ಬಾಗಿಲು ಹುಡುಕುವಾಗ ಭಾವ ತುರ್ತು ಬಾಗಿಲು ಹುಡುಕುತ್ತಾರೆ. ಅದರ ಎದುರಿಗೇ ಐಸ್‌ಕ್ರೀಮಿನವನು ಟೇಬಲ್ ಹಾಕಿರುತ್ತಾನೆ. ಅವನಿಗೆ ಕಾಲು ಗಂಟೆ ಪಾಠ ಮಾಡಿ, ಎರಡು ಕಪ್ ತಿಂದು ಬರುತ್ತಾರೆ. ಹೊಸ ಮನೆ ಕಟ್ಟಿಸಿದ ಮೇಲಂತೂ ‘ಸ್ಮೋಕ್ ಡಿಟೆಕ್ಟರ್’ ಎಂಬುದು ಒಂದು ಜಪವೇ ಆಯಿತು.

“ಬೆಂಕಿ ಬಿದ್ದರೆ ಇಂಜಿನ್ ಬಂಟ್ವಾಳದಿಂದ ಬರಬೇಕು, ಇಲ್ಲ ಪುತ್ತೂರಿನಿಂದ. ಅದಕ್ಕೆ ಮೊದಲು ನಿನ್ನನ್ನು ಎಬ್ಬಿಸುವವರು ಯಾರು ಮಾರಾಯ?”

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಆಯ್ಕೆಗೇ ಒಂದು ತಿಂಗಳು ಹಿಡಿಯಿತು. ಒಂದು ಜಾತಿಯದರ ಹೊಟ್ಟೆಯಲ್ಲಿ ಅಮೆರಿಸಿಯಂ-241 ಎಂಬ ವಿಕಿರಣ ವಸ್ತುವಿನ ಚೂರು ಇರುತ್ತದೆ. ಧಗ್ಗನೆ ಏಳುವ ಬೆಂಕಿಯನ್ನು ಅದು ಬೇಗ ಹಿಡಿಯುತ್ತದೆ. ಇನ್ನೊಂದರಲ್ಲಿ ಇರುವುದು ಬರೀ ಬೆಳಕು. ಹೊಗೆ ಹೊಕ್ಕು ಬೆಳಕು ಚದುರಿದ ಕೂಡಲೇ ಬೊಬ್ಬೆ. ಹಾಸಿಗೆಯ ಹತ್ತಿ ಒಳಗೊಳಗೇ ಕರಕಲಾಗುವುದಕ್ಕೆ ಇದೇ ಒಳ್ಳೆಯದಂತೆ. “ಅಮೆರಿಕದ್ದು ಬೇಡ, ರಿಪೇರಿಗೆ ಜನ ಸಿಗುವುದಿಲ್ಲ” ಎಂದು ಅಕ್ಕ ತೀರ್ಪು ಕೊಟ್ಟಳು. ಬೆಳಕಿನದ್ದೇ ಬಂತು.

ಎಲ್ಲಿ ಕೂರಿಸಬೇಕೆಂಬ ಪಾಠ ನನಗೆ ಆದದ್ದು ಕಲ್ಲಡ್ಕದಲ್ಲಿ, ಕೆ.ಟಿ. ಎಂಬ ಅಲ್ಲಿನ ಪದರದ ಚಹಾದ ಲೋಟದ ಎದುರು. “ನೋಡು, ಹೊಗೆ ಅಂದರೆ ಈ ಡಿಕಾಕ್ಷನ್, ಮೇಲೆ ನಿಲ್ಲುವುದು. ಅದಕ್ಕೇ ಮಿಷನ್ ಸೀಲಿಂಗಿಗೆ. ಅಡುಗೆ ಗ್ಯಾಸ್ ಸೋರಿದರೆ ಈ ಹಾಲಿನ ಹಾಗೆ, ಕೆಳಗೆ. ಅದನ್ನು ಇದು ಹಿಡಿಯುವುದಿಲ್ಲ, ನೆಲದ ಹತ್ತಿರ ಬೇರೆಯೇ ಇಡಬೇಕು.” ಎಲ್ಲ ಕೇಳಿ ನಾನು ಚಮಚ ಹಾಕಿ ಕಲಕಿದೆ. ಭಾವ ಎರಡು ದಿನ ಮಾತಾಡಲಿಲ್ಲ.

ಮಲಗುವ ಕೋಣೆಗೊಂದರಂತೆ ಕೂರಿಸಿದ್ದು ಸಲೀಸಾಯಿತು. ಪಡಸಾಲೆಯದ್ದೇ ಪೇಚು. ಒಲೆಯಿಂದ ಹತ್ತು ಅಡಿಯಾದರೂ ದೂರ ಇರಬೇಕೆಂಬುದು ನಿಯಮ. ಟೇಪು ಹಿಡಿದು ಎಳೆದರೆ ಹತ್ತನೆಯ ಅಡಿ ಬಂದು ನಿಂತದ್ದು ದೇವರ ಕೋಣೆಯ ಬಾಗಿಲಿಗೆ. ನಿಯಮ ಎಂದರೆ ನಿಯಮ. ಅಲ್ಲಿಯೇ ಬಿತ್ತು ತೂತು.

ಅಕ್ಕ ಬಂಗುಡೆ ಕಾವಲಿಗೆ ಹಾಕಿದ ಮೊದಲ ದಿನವೇ ಅದು ಕಿರುಚಿತು. ಭಾವ ಎಲ್ಲರನ್ನೂ ಅಂಗಳಕ್ಕಿಳಿಸಿ ತಲೆ ಎಣಿಸಿದರು. ಲೆಕ್ಕ ಸರಿ ಬಂತು, ಬಂಗುಡೆ ಕರಟಿತು. ವಾರ ಕಳೆಯುವಷ್ಟರಲ್ಲಿ ಪಕ್ಕದ ಮನೆಯ ಬೆಕ್ಕಿಗೆ ಗುಟ್ಟು ತಿಳಿಯಿತು. ಮಿಷನ್ ಕೂಗಿದರೆ ಮೀನು. ಎಲ್ಲಿದ್ದರೂ ಓಡಿಬಂದು ಅಡುಗೆಮನೆ ಮೆಟ್ಟಿಲಲ್ಲಿ ಹಾಜರು. ಭಾವನ ತರಬೇತಿಯನ್ನು ಪೂರ್ತಿ ಮುಗಿಸಿದವರು ಆ ಮನೆಯಲ್ಲಿ ಅದೊಂದೇ.

ಆಮೇಲೆ ಗಣಹೋಮ ಬಂತು. ಭಟ್ಟರು ತುಪ್ಪ ಎರೆದದ್ದೇ ತಡ, ಮಿಷನ್ ಮಂತ್ರಕ್ಕಿಂತ ಜೋರಾಗಿ ಶುರು ಮಾಡಿತು. “ಇದನ್ನು ವಿಸರ್ಜನೆ ಮಾಡುವ ಕ್ರಮ ಉಂಟಾ?” ಎಂದರು ಭಟ್ಟರು. ಅಕ್ಕ ನೋಡಿದ ನೋಟಕ್ಕೆ ಭಾವ ತಾವೇ ಏಣಿ ಹತ್ತಿ, ಜವಳಿ ಅಂಗಡಿಯ ತೊಟ್ಟೆಯೊಂದನ್ನು ಮಿಷನ್ನಿಗೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರು.

ಮೊನ್ನೆ ಹೋಗಿದ್ದೆ. ಅಡುಗೆಮನೆಯಿಂದ ಬಂಗುಡೆಯ ಹೊಗೆ ಪಡಸಾಲೆಗೆಲ್ಲ ಹಬ್ಬಿತ್ತು. ಭಾವ ಪೇಪರ್ ಓದುತ್ತಿದ್ದರು.

“ನೋಡು, ಈಗ ಮಿಷನ್ನಿಗೂ ನಮ್ಮ ಮನೆ ಅಭ್ಯಾಸ ಆಯ್ತು. ಸುಮ್ಮನೆ ಬೊಬ್ಬೆ ಹೊಡೆಯುವುದಿಲ್ಲ.”

ಪಡಸಾಲೆಯ ನಡುವೆ ಬೆಕ್ಕು ಕೂತು, ಕತ್ತೆತ್ತಿ ಆ ತೊಟ್ಟೆಯನ್ನೇ ನೋಡುತ್ತಿತ್ತು.