ಇಲ್ಲದ ಗಿರಾಕಿಯ ಅಡುಗೆಮನೆ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಅದರಲ್ಲೂ ತೊಂಬತ್ತರ ದಶಕದಲ್ಲಿ ಥರ್ಟಿ–ಫಾರ್ಟಿ ಸೈಟಿನ ಮೇಲೆ ಮನೆ ಕಟ್ಟಿಸಿದವರ ನಡುವೆ, ಒಂದು ಬಗೆಯ ಗೃಹಸ್ಥರಿದ್ದಾರೆ. ಅವರನ್ನು ರೀಸೇಲ್ ರಾಯರು ಎನ್ನೋಣ. ಮನೆ ಮಾರುವ ಯೋಚನೆ ಇವರಿಗೆ ಸುತರಾಂ ಇಲ್ಲ. ಬ್ರೋಕರ್ ಗೇಟಿನ ಹತ್ತಿರ ಸುಳಿದರೂ ಮುಖ ಗಂಟಿಕ್ಕುತ್ತಾರೆ. ಆದರೆ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ‘ಇದರಿಂದ ಮನೆಗೆ ವ್ಯಾಲ್ಯೂ ಬರುತ್ತಾ?’ ಎಂದು ಕೇಳದೆ ಸುತ್ತಿಗೆ ಎತ್ತುವವರಲ್ಲ. ‘ರೀ, ಸಿಂಕಿನ ಕೆಳಗೆ ಸೋರುತ್ತಿದೆ, ಕಟ್ಟೆ ತಗ್ಗಾಗಿ ಬೆನ್ನು ನೋಯುತ್ತೆ’ ಎಂದು ಮನೆಯಾಕೆ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದುದು ಕಿವಿಗೆ ಬಿದ್ದಿರಲಿಲ್ಲ. ಒಂದು ರಾತ್ರಿ ಮೊಬೈಲಿನಲ್ಲಿ ಯಾರೋ ಅಮೆರಿಕದವನು ‘ಮನೆ ಮಾರಿಕೊಡುವುದೇ ಅಡುಗೆಮನೆ’ ಎಂದದ್ದು ಮಾತ್ರ ನೇರ ಎದೆಗೇ ನಾಟಿತು. ಬೆಳಗಾಗುವಷ್ಟರಲ್ಲಿ ರಾಯರು ಟೇಪು ಹಿಡಿದು ಗ್ಯಾಸ್ ಒಲೆಯ ಮುಂದೆ ನಿಂತಿದ್ದರು. ಕಾಫಿ ಅರ್ಧ ಗಂಟೆ ತಡವಾಯಿತು.

ರಾಯರಿಗೆ ಲೆಕ್ಕ ಬರುವುದಿಲ್ಲ ಎಂದು ಯಾರೂ ಭಾವಿಸಬಾರದು. ಬಡ್ಡಿ ದರ ಕಾಲು ಪರ್ಸೆಂಟ್ ಇಳಿದರೂ ಇವರಿಗೆ ನಿದ್ದೆಯಲ್ಲೇ ಗೊತ್ತಾಗುತ್ತದೆ. ತೊಂದರೆ ಇರುವುದು ಬೇರೆಡೆ. ಸುಖಕ್ಕೆಂದು ದುಡ್ಡು ಬಿಚ್ಚುವುದು ನಮ್ಮ ಮಧ್ಯಮ ವರ್ಗಕ್ಕೆ ಇವತ್ತಿಗೂ ಒಂದಿಷ್ಟು ನಾಚಿಕೆಯ ಸಂಗತಿ. ಅದೇ ದುಡ್ಡಿಗೆ ‘ಇನ್ವೆಸ್ಟ್‌ಮೆಂಟ್’ ಎಂದು ನಾಮ ಎಳೆದರೆ ಸತ್ಕಾರ್ಯ. ಆಸೆಪಟ್ಟು ಕೊಂಡ ಸರವನ್ನೂ ‘ಆಪತ್ತಿಗಾಗುತ್ತೆ’ ಎಂದೇ ಕೊರಳಿಗೆ ಹಾಕಿಕೊಳ್ಳುವ ಜನ ನಾವು. ಹೆಂಡತಿಯ ಬೆನ್ನಿಗಾಗಿ ಐದು ಲಕ್ಷ ಎಂದು ರಾಯರ ಬಾಯಲ್ಲಿ ಬರುವುದಿಲ್ಲ. ಮನೆಯ ವ್ಯಾಲ್ಯೂಗೆ ಐದು ಲಕ್ಷ ಎಂದು ಧಾರಾಳವಾಗಿ ಬರುತ್ತದೆ. ಈ ನೆಪಕ್ಕಾಗಿ ಅವರು ಒಬ್ಬ ಗಿರಾಕಿಯನ್ನು ಕಲ್ಪಿಸಿಕೊಳ್ಳುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಹಳೆಯ ಮಾತು. ಇಲ್ಲಿ ಕೂಸು ಹುಟ್ಟುವುದೇ ಬೇಡ, ಕುಲಾವಿಯ ಬಣ್ಣಕ್ಕೆ ಮಾತ್ರ ಮೂರು ತಿಂಗಳು ಚರ್ಚೆ.

ಆ ಗಿರಾಕಿ ಬಂದೇ ಬಿಟ್ಟ ಎಂದಿಟ್ಟುಕೊಳ್ಳಿ. ಅವನು ಯಾವುದಕ್ಕೆ ದುಡ್ಡು ಕೊಡುತ್ತಾನೆ? ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರದ ಲೆಕ್ಕ ನೋಡಿದರೆ ಸಾಕು: ಸೈಟು ಯಾವ ರಸ್ತೆಯಲ್ಲಿದೆ, ಎಷ್ಟು ಅಳತೆ, ಕಟ್ಟಡ ಎಷ್ಟು ಚದರಡಿ, ಎಷ್ಟು ಹಳೆಯದು. ಡ್ರಾಯರು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆಯೇ ಎಂಬ ಕಾಲಂ ಅಲ್ಲಿಲ್ಲ. ಬ್ಯಾಂಕಿನ ವ್ಯಾಲ್ಯುಯರ್ ಕೂಡ ಮಣ್ಣಿಗೆ ಏರುವ ಬೆಲೆ, ಗೋಡೆಗೆ ಸವಕಳಿ ಎಂದೇ ಬರೆಯುವುದು. ಹಳೆಯ ಬಡಾವಣೆಯಲ್ಲಿ 1,200 ಚದರಡಿಯ ಸೈಟು ಕೊಳ್ಳುವವನ ಕಣ್ಣಿಗೆ ಅದರ ಮೇಲಿನ ಮನೆ ಕಾಣುವುದೇ ಇಲ್ಲ. ಅವನಿಗೆ ಕಾಣುವುದು ಮುಂದೆ ಕಟ್ಟಬೇಕಾದ ನಾಲ್ಕಂತಸ್ತು, ಅದರಿಂದ ಬರುವ ಬಾಡಿಗೆ. ನೋಂದಣಿ ಮುಗಿದು ತಿಂಗಳಾಗುವಷ್ಟರಲ್ಲಿ ಜೆಸಿಬಿ ಬರುತ್ತದೆ. ಅದರ ಬಕೆಟ್ಟಿಗೆ ಮರೀನ್ ಪ್ಲೈ ಯಾವುದು, ಕಡಪ ಕಲ್ಲು ಯಾವುದು ಎಂಬ ಭೇದಭಾವವಿಲ್ಲ.

‘ಅದು ಸ್ವಂತ ಸೈಟಿನ ಕಥೆ, ಫ್ಲ್ಯಾಟ್ ಆದರೆ?’ ಎಂದು ರಾಯರ ಪಕ್ಷದವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಫ್ಲ್ಯಾಟಿಗೆ ಜೆಸಿಬಿ ಬರುವುದಿಲ್ಲ, ಅಲ್ಲಿ ಅಡುಗೆಮನೆಗೆ ಬೆಲೆ ಉಂಟು. ಬೂಷ್ಟು ಹಿಡಿದ ಮೂಲೆ, ತೊಟ್ಟಿಕ್ಕುವ ನಲ್ಲಿ ಕಂಡರೆ ಕೊಳ್ಳುವವನು ಅದನ್ನೇ ಹಿಡಿದು ಲಕ್ಷಗಟ್ಟಲೆ ಚೌಕಾಸಿ ಮಾಡುತ್ತಾನೆ. ಆದರೆ ಬೆಲೆ ಇರುವುದು ದುರಸ್ತಿಗೆ, ದರ್ಬಾರಿಗಲ್ಲ. ರಾಯರು ನಂಬಿದ ಅಮೆರಿಕವೇ ಇದಕ್ಕೆ ಸಾಕ್ಷಿ. ಮನೆ ನವೀಕರಣಕ್ಕೆ ಹಾಕಿದ ದುಡ್ಡು ಮಾರುವಾಗ ಎಷ್ಟು ವಾಪಸು ಬರುತ್ತದೆಂದು ಲೆಕ್ಕ ಹಾಕುವ ವರದಿಯೊಂದು ಅಲ್ಲಿ ವರ್ಷವರ್ಷ ಹೊರಬರುತ್ತದೆ. 2024ರ ವರದಿಯಂತೆ ಅಡುಗೆಮನೆಯ ಸಣ್ಣ ನವೀಕರಣದಲ್ಲಿ ಹಾಕಿದ ದುಡ್ಡು ಹೆಚ್ಚುಕಡಿಮೆ ಪೂರ್ತಿ ಮರಳುತ್ತದೆ. ಇದ್ದದ್ದನ್ನೆಲ್ಲ ಕಿತ್ತು ಭರ್ಜರಿಯಾಗಿ ಮಾಡಿಸಿದರೆ ಅರ್ಧವೂ ಬರುವುದಿಲ್ಲ. ವಿಡಿಯೊದವನು ಇದನ್ನೂ ಹೇಳಿದ್ದಿರಬಹುದು. ಅಷ್ಟು ಹೊತ್ತಿಗೆ ರಾಯರು ಷೋರೂಮಿಗೆ ಫೋನು ಮಾಡುತ್ತಿದ್ದರು.

ದುಡ್ಡು ಹೋದರೆ ಹೋಗಲಿ ಎನ್ನಬಹುದಿತ್ತು, ಅಡುಗೆಯಾದರೂ ಸುಲಭವಾಗಿದ್ದರೆ. ಆಗುವುದಿಲ್ಲ, ಏಕೆಂದರೆ ಪ್ರತಿಯೊಂದು ತೀರ್ಮಾನವೂ ಆ ಕಾಣದ ಗಿರಾಕಿಯದು. ಬಣ್ಣ ಬಿಳಿ, ಯಾಕೆಂದರೆ ‘ಎಲ್ಲರಿಗೂ ಒಪ್ಪುತ್ತೆ’. ಒಗ್ಗರಣೆ ಸಿಡಿಯುವ ಮನೆಯಲ್ಲಿ ಬಿಳಿ ಲ್ಯಾಮಿನೇಟು ಯುಗಾದಿಗೆ ಅಂಟಿಸಿದ್ದು ದಸರಾ ಹೊತ್ತಿಗೆ ಸಾರಿನ ಬಣ್ಣಕ್ಕೆ ತಿರುಗುತ್ತದೆ. ಜಿಗಣಿಯ ಕರಿ ಗ್ರಾನೈಟನ್ನು ಒಡೆಸಿ ಕ್ವಾರ್ಟ್ಸ್ ಹಾಕಿಸಿದ್ದಾಯಿತು. ಗ್ರಾನೈಟಿನ ಮೇಲೆ ಕುದಿಯುವ ಕುಕ್ಕರನ್ನು ಧೊಪ್ಪೆಂದು ಇಳಿಸಬಹುದಿತ್ತು. ಕ್ವಾರ್ಟ್ಸಿನಲ್ಲಿ ಕಲ್ಲಿನ ಪುಡಿಯ ಜೊತೆ ರಾಳವೂ ಇರುವುದರಿಂದ ಬಿಸಿ ತಾಗಿದರೆ ಕಲೆ, ಅರಿಸಿನ ಚೆಲ್ಲಿದರೆ ಹಳದಿ. ಹಾಗಾಗಿ ಅದರ ಮೇಲೆ ಹಳೇ ಪೇಪರು, ಪೇಪರಿನ ಮೇಲೆ ಮಣೆ, ಮಣೆಯ ಮೇಲೆ ಕುಕ್ಕರು. ಡ್ರಾಯರುಗಳಿಗೆ ಹಿಡಿಯೇ ಇಲ್ಲ, ಅದು ಈಗಿನ ಸ್ಟೈಲು; ಕೈಯಲ್ಲಿ ಹಿಟ್ಟು ಮೆತ್ತಿಕೊಂಡಿರುವಾಗ ಮೊಣಕೈಯಿಂದಲೇ ತಳ್ಳಬೇಕು. ಕಟ್ಟೆ 34 ಇಂಚು, ಯಾಕೆಂದರೆ ಷೋರೂಮಿನವರ ಅಳತೆ ಅದು. ಮೊದಲು ತಗ್ಗಾಗಿ ಬೆನ್ನು ನೋಯುತ್ತಿತ್ತು, ಈಗ ಎತ್ತರವಾಗಿ ಭುಜ. ನಿಂತು ಅಡುಗೆ ಮಾಡುವಾಕೆಯ ಮೊಣಕೈ ಎಲ್ಲಿಗೆ ಬರುತ್ತದೆಂದು ಟೇಪು ಹಿಡಿದು ನೋಡಿದವರಿಲ್ಲ. ಮಾಡ್ಯುಲರ್ ಕಿಚನ್ನಿನ ಮೂಲಪುರುಷ ಒಬ್ಬಾಕೆ ಎಂಬುದನ್ನು ಇಲ್ಲಿ ನೆನೆಯಬೇಕು: ವಿಯೆನ್ನಾದ ವಾಸ್ತುಶಿಲ್ಪಿ ಮಾರ್ಗರೆಟೆ ಷ್ಯೂಟೆ-ಲಿಹೋಟ್ಸ್‌ಕಿ. 1926ರಲ್ಲಿ ಫ್ರಾಂಕ್‌ಫರ್ಟಿನ ವಸತಿ ಯೋಜನೆಗೆ ಆಕೆ ರೂಪಿಸಿದ ಪುಟ್ಟ ಅಡುಗೆಮನೆ ಹತ್ತಿರಹತ್ತಿರ 10,000 ಮನೆಗಳಿಗೆ ಹೋಯಿತು. ಆಕೆಗೆ ಆಗ ಅಡುಗೆಯೇ ಬರುತ್ತಿರಲಿಲ್ಲವಂತೆ. ಆದರೂ ಒಲೆಯಿಂದ ಸಿಂಕಿಗೆ ಎಷ್ಟು ಹೆಜ್ಜೆ, ಪಾತ್ರೆ ತೊಳೆದಿಡಲು ಎಷ್ಟು ಹೊತ್ತು ಎಂದು ಲೆಕ್ಕ ಹಿಡಿದೇ ಅದನ್ನು ರೂಪಿಸಿದಳು. ರಾಯರಿಗೂ ಅಡುಗೆ ಬಾರದು. ಅವರು ಹಿಡಿದದ್ದು ಚದರಡಿಗೆಷ್ಟು ಎಂಬ ಲೆಕ್ಕವನ್ನು.

ಆ ಲೆಕ್ಕವಾದರೂ ಸರಿಯಾಗಿತ್ತೇ? ಮುಂದೆಂದೋ ಮನೆ ಮಾರಿದರೆ, ಅದನ್ನು ಉತ್ತಮಪಡಿಸಲು ಮಾಡಿದ ಬಂಡವಾಳ ಖರ್ಚನ್ನು ಬಂದ ಲಾಭದಲ್ಲಿ ಕಳೆದು ತೆರಿಗೆ ಕಟ್ಟಲು ಕಾನೂನಿನಲ್ಲಿ ದಾರಿಯಿದೆ. ರೀಸೇಲಿನ ಹೆಸರಿನಲ್ಲಿ ರಾಯರಿಗೆ ದಕ್ಕಬಹುದಾಗಿದ್ದ ಖಾತ್ರಿ ಲಾಭ ಅದೊಂದೇ, ಅದಕ್ಕೆ ಬೇಕಾದದ್ದು ಬಿಲ್ಲು. ರಾಯರು ಶೇ 18ರ ಜಿಎಸ್‌ಟಿ ಉಳಿಸಲು ‘ಬಿಲ್ಲೆಲ್ಲ ಬೇಡ’ ಎಂದು ಹೇಳಿ ಕ್ಯಾಷು ಕೊಟ್ಟು ಗೆದ್ದ ಮುಖ ಮಾಡಿಕೊಂಡು ಬಂದರು. ಅದೇ ದುಡ್ಡಿನ ಕಾಲು ಭಾಗದಲ್ಲಿ ತುಕ್ಕು ಹಿಡಿದ ಜಿಐ ಪೈಪು ಬದಲಿಸಿ, ಸಿಂಕಿನ ನೀರಿಗೆ ಸರಿಯಾದ ವಾಟ ಕೊಟ್ಟು, ಗ್ರೈಂಡರಿಗೂ ಓವನ್ನಿಗೂ ಬೇರೆಬೇರೆ ಹದಿನಾರು ಆಂಪಿಯರ್ ಪಾಯಿಂಟು ಕೊಡಿಸಬಹುದಿತ್ತು. ಇವು ಯಾವುವೂ ಫೋಟೊದಲ್ಲಿ ಬೀಳುವುದಿಲ್ಲ, ನಿಜ. ಹಾಗಂತ ರಾಯರನ್ನು ಪೂರಾ ಬೈಯಲೂ ಆಗದು. ಆ ನೆಪ ಇಲ್ಲದಿದ್ದರೆ ಸೋರುವ ಸಿಂಕು ಇನ್ನೂ ಇಪ್ಪತ್ತು ವರ್ಷ ಸೋರುತ್ತಿತ್ತು.

ಈಗ ನಿಜವಾದ ಅಡುಗೆ ನಡೆಯುವುದು ಹಿಂದಿನ ಯುಟಿಲಿಟಿಯಲ್ಲಿ. ವಾಷಿಂಗ್ ಮೆಷೀನಿನ ಪಕ್ಕ ಉಳಿದ ಕಡಪ ಕಲ್ಲೊಂದನ್ನು ನಿಲ್ಲಿಸಿ, ಹಳೇ ಎರಡು ಬರ್ನರಿನ ಒಲೆ ಹೂಡಿ, ಮನೆಯಾಕೆ ಅಲ್ಲೇ ಹಪ್ಪಳ ಕರಿಯುತ್ತಾರೆ, ಅಲ್ಲೇ ಮೀನಿನಂತೆ ನುಣುಚಿಕೊಂಡು ಓಡಾಡುತ್ತಾರೆ. ಒಳಗಿನ ಅಡುಗೆಮನೆ ಗಿರಾಕಿಗಾಗಿ ಫಳಫಳ ಹೊಳೆಯುತ್ತ ಕಾದಿದೆ. ಚಿಮಣಿ ನೆಂಟರು ಬಂದಾಗ ಎರಡು ನಿಮಿಷ ಗುಂಯ್‌ಗುಡುತ್ತದೆ. ಹೊರಗಿನವರೆಂದು ಅದರೊಳಗೆ ತಪ್ಪದೆ ಕಾಲಿಡುವವನು ಗ್ಯಾಸಿನ ಹುಡುಗ. ಅವನು ಸುತ್ತ ಕಣ್ಣಾಡಿಸಿ, ಭುಜದ ಮೇಲಿನ ಸಿಲಿಂಡರನ್ನು ಕೆಳಗಿಳಿಸಿ, ಬಿಳಿ ಬಾಗಿಲೊಂದನ್ನು ತೆರೆದು ಒಳಗೆ ತಳ್ಳಿ ನೋಡುತ್ತಾನೆ. ಬಾಗಿಲು ನಾಲ್ಕು ಬೆರಳಷ್ಟು ಮುಚ್ಚದೆ ಉಳಿಯುತ್ತದೆ. ‘ಏನಪ್ಪಾ, ಹೇಗಿದೆ ಕಿಚನ್ನು?’ ಎನ್ನುತ್ತಾರೆ ರಾಯರು, ಬೆನ್ನ ಹಿಂದೆ ಕೈ ಕಟ್ಟಿಕೊಂಡು. ‘ಚೆನ್ನಾಗೈತೆ ಸಾರ್. ಸಿಲಿಂಡರ್ ಎಲ್ಲಿಡ್ಲಿ?’