ಒಳಗೆ ರಾಮ, ಹೊರಗೆ ನಾನು

ತಮಿಳುನಾಡಿನ ಪಾಪಿರೆಡ್ಡಿಪಟ್ಟಿ ತಾಲ್ಲೂಕಿನ ತೆಂಕರೈಕೋಟೆ ಸಂದರ್ಶನಕ್ಕೆ ಕೂಡಲೇ ಒಪ್ಪಿತು. ಮಾತಾಡಿಸುವವರು ಬಂದು ಬಹಳ ಕಾಲವಾಗಿತ್ತಂತೆ.

ಕೋಟೆಯವರೇ, 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೂ ನಿಮ್ಮ ಈ ಬಾರಾಮಹಲ್ ಸೀಮೆ ಮೈಸೂರಿನದೇ. ತಮಗೆ ಕನ್ನಡ ಬರಲೇಬೇಕಲ್ಲ?

ಅದಿರಲಿ. ಮೊದಲು ನನ್ನೊಳಗಿರುವ ಕಲ್ಯಾಣರಾಮನ ವಿಷಯ ಕೇಳಿ. ಅವನಿಗೆ ಪೂಜೆಯುಂಟು, ದೀಪವುಂಟು. ಅವನನ್ನು ಕಾದ ಗೋಡೆಗೆ ಒಂದು ಬಿಲ್ಲೆ ಕರ್ಪೂರವೂ ಇಲ್ಲ. ಹಳ್ಳಿಯವರಿಗೆ ಹಳೆಯದರ ಮೇಲೆ ಪ್ರೀತಿಯಿಲ್ಲ ಎಂದು ಪೇಪರಿನವರು ಬರೆಯುತ್ತೀರಿ. ಹಾಗಾದರೆ ದೇವಸ್ಥಾನ ಹೇಗೆ ಉಳಿಯಿತು? ತಮ್ಮದು ಅನ್ನಿಸಿದ್ದನ್ನು ಉಳಿಸಿಕೊಂಡರು, ಅಷ್ಟೆ. ಕೋಟೆ ಯಾವತ್ತು ಅವರದಾಗಿತ್ತು? 1768ರಲ್ಲಿ ಇಂಗ್ಲಿಷರ ಕರ್ನಲ್ ವುಡ್ ಹಿಡಿದ, ಮೈಸೂರಿನ ಹೈದರ್ ಬಿಡಿಸಿಕೊಂಡ, ಕೊನೆಗೆ ಕಂಪನಿಯ ಕಲೆಕ್ಟರ್ ರೀಡ್ ಬಂದ. ಬಂದವರೆಲ್ಲ ಕೇಳಿದ್ದು ಕಂದಾಯ. ಉದುರಿದ ಕಲ್ಲನ್ನು ಕೊಟ್ಟಿಗೆಗೆ ಒಯ್ದವನನ್ನು ನಾನಂತೂ ಕಳ್ಳ ಅನ್ನಲಾರೆ.

ಹೈದರನ ಕಿಲ್ಲೇದಾರರು ಇಲ್ಲಿ ಲೆಕ್ಕ ಬರೆಯುತ್ತಿದ್ದುದು ಕನ್ನಡದಲ್ಲೋ ಪಾರ್ಸಿಯಲ್ಲೋ?

ನಿಮಗೆ ಕನ್ನಡದ್ದೊಂದೇ ಹುಚ್ಚು. ಕನ್ನಡಿಗರ ಕೈಯಲ್ಲಿದ್ದರೆ ನಾನು ಉಳಿಯುತ್ತಿದ್ದೆನೇ? 1999ರಲ್ಲಿ ಹಂಪಿಯನ್ನು ಯುನೆಸ್ಕೋದ ಅಪಾಯದ ಪಟ್ಟಿಗೆ ತಳ್ಳಿದ ಸೇತುವೆಗಳನ್ನು ತಮಿಳರು ಕಟ್ಟಿದ್ದರೇ?

ಆದರೂ ಸ್ಮಾರಕಗಳನ್ನು ಕಾಯಲು ಕಾಯ್ದೆ ಇದೆಯಲ್ಲ?

ಇದೆ. ಕೇಂದ್ರದ ಸಂರಕ್ಷಿತ ಸ್ಮಾರಕವಾದರೆ ಸುತ್ತ 100 ಮೀಟರ್ ಹೊಸ ಕಟ್ಟಡ ಕೂಡದು, ಅದರಾಚೆ 200 ಮೀಟರ್ ಅನುಮತಿ ಬೇಕು, 2010ರ ತಿದ್ದುಪಡಿ. ಹಂಪಿಯಲ್ಲಾದರೆ ಪ್ರವಾಸಿಗರಿಂದ ಒಂದಷ್ಟು ಸಂಪಾದನೆಯಾದರೂ ಉಂಟು. ಹಳ್ಳಿಯ ಕೋಟೆಗೆ ಯಾರು ಬರುತ್ತಾರೆ? ಮಗನ ಮದುವೆಗೆ ಮುಂಚೆ ಒಂದು ಕೋಣೆ ಹಾಕಿಸಬೇಕೆಂದವನಿಗೆ ಸಂರಕ್ಷಿತ ಸ್ಮಾರಕವೆಂಬ ಬೋರ್ಡು ಜಪ್ತಿ ನೋಟೀಸಿನಂತೆಯೇ ಕಾಣುತ್ತದೆ. ನಿಯಮ ಸಡಿಲಿಸಿದರೆ ನಾಳೆಯೇ ನನ್ನ ಬೆನ್ನಿಗೆ ಕಲ್ಯಾಣಮಂಟಪ ಏಳುತ್ತದೆ ಎನ್ನುತ್ತೀರಿ. ಏಳುತ್ತದೆ, ಒಪ್ಪಿದೆ. ನಾನು ಸಡಿಲಿಸಿ ಎನ್ನಲಿಲ್ಲ. ನಾಡಿನ ಹೆಸರಿನಲ್ಲಿ ಒಬ್ಬನ ಕೈಕಟ್ಟಿದ ಮೇಲೆ ಅವನ ನಷ್ಟವನ್ನು ನಾಡೇ ತುಂಬಿಕೊಡಲಿ ಎಂದೆ.

ತಮಾಷೆ ಸಾಕು, ಎಂದು ಕೋಟೆಯೇ ಮುಂದುವರಿಸಿತು. ಕೇಂದ್ರದ ಕಾಯ್ದೆಯ ಮಾತು ಹಾಗಿರಲಿ. ತಮಿಳುನಾಡಿನ ಪರಂಪರೆ ಆಯೋಗದ ಕಾಯ್ದೆ 2012ರದು. ಜಾರಿಗೆ ಬಂದದ್ದು 2024ರಲ್ಲಿ. ಅಷ್ಟರಲ್ಲಿ ಎಷ್ಟು ಮಳೆಗಾಲ ಸುರಿದು ಹೋದವು! ಹಕ್ಕಿ ಹಾಕಿದ ಅರಳಿ ಬೀಜ ಗೋಡೆಯ ಸಂದಿನಲ್ಲಿ ಮೊಳೆಯುತ್ತದೆ. ಬೇರು ದಪ್ಪವಾದಂತೆ ಕಲ್ಲು ಹೊರಗೆ ಉಬ್ಬುತ್ತದೆ, ಆ ಬಿರುಕಿನಲ್ಲಿ ಇಳಿದ ನೀರು ಒಳಗಿನ ಮಣ್ಣನ್ನು ತೊಳೆಯುತ್ತದೆ, ಒಂದು ರಾತ್ರಿ ಗೋಡೆ ಕುಸಿಯುತ್ತದೆ. ಬೆಳಿಗ್ಗೆ ಬಂದು ಹಳ್ಳಿಯವರಿಗೆ ಅರಿವಿಲ್ಲ ಎಂದು ಜಾಥಾ ಹೊರಡುತ್ತೀರಿ! ಆಯೋಗದ ಕಾಯ್ದೆಯ ಫೈಲಿನ ಮುಂದೆ ಯಾಕೆ ಜಾಥಾ ಮಾಡಲಿಲ್ಲ? ಎಳೆಯ ಗಿಡವನ್ನು ಕೈಯಲ್ಲೇ ಕೀಳಬಹುದು, ಅದಕ್ಕೆ ತಜ್ಞರೇ ಬೇಕಿಲ್ಲ. ಗ್ರಾಮೀಣ ಉದ್ಯೋಗ ಖಾತ್ರಿಯ ಕೆಲಸದವರು ಕೆರೆ ಹೂಳೆತ್ತುತ್ತಾರಲ್ಲ, ಮಳೆ ನಿಂತ ಮೇಲೆ ನನ್ನ ಗೋಡೆಗೂ ಅವರಿಗೆ ಒಂದು ವಾರದ ಕೂಲಿ ಬರೆಯಿರಿ.